ಹಿಡಿಯುವ ಬ್ರೇಕ್, ಕೈಕೊಡುವ ಬ್ರೇಕ್: ಒಂದು ಡಿಸ್ಕ್ ಬ್ರೇಕ್ ವಿನ್ಯಾಸದ ಅನುಭವ

ದಿನಾ ಓಡಾಡುವ ಸೈಕಲ್‌ಗೆ, ಈಗ ಸಿಗುವುದಕ್ಕಿಂತ ಸುರಕ್ಷಿತವಾದ ಡಿಸ್ಕ್ ಬ್ರೇಕ್ ಬೇಕು. ನಮಗೆ ಬಂದ ಕೆಲಸ ಇಷ್ಟೇ. ರೇಸ್ ಸೈಕಲ್‌ಗಲ್ಲ. ಸಾಮಾನು ಹೊತ್ತು, ಮಳೆಯಲ್ಲಿ ನೆಂದು, ತಿಂಗಳುಗಟ್ಟಲೆ ಯಾರೂ ಸ್ಪ್ಯಾನರ್ ಮುಟ್ಟಿಸದ ಸೈಕಲ್‌ಗೆ. ಚಕ್ರದ ನಡುವಿಗೆ ಜೋಡಿಸಿದ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡೂ ಕಡೆಯಿಂದ ಪ್ಯಾಡ್‌ಗಳು ಅಮುಕಿ ನಿಲ್ಲಿಸುವುದೇ ಡಿಸ್ಕ್ ಬ್ರೇಕ್. ತಂಡದಲ್ಲಿ ಮೂವರಿದ್ದೆವು. ಲೆಕ್ಕ ಮತ್ತು ಡ್ರಾಯಿಂಗ್ ನನ್ನದು. ಟೆಸ್ಟ್ ಬೆಂಚ್ ನೋಡಿಕೊಳ್ಳುತ್ತಿದ್ದವಳು ನನ್ನ ಸಹೋದ್ಯೋಗಿ. ಮೂರನೆಯವರು ಅರ್ಧ ಆಯುಷ್ಯವನ್ನು ಸೈಕಲ್ ಬಿಚ್ಚಿ ಜೋಡಿಸುವುದರಲ್ಲೇ ಕಳೆದ ಮೆಕ್ಯಾನಿಕ್. ನನ್ನ ಡ್ರಾಯಿಂಗ್‌ಗಳ ಮೇಲೆ ಜಾಸ್ತಿ ಗೀಟು ಹಾಕಿದವರು ಅವರೇ. ಈಗಿರುವ ಬ್ರೇಕ್‌ನಲ್ಲಿ ಒಳ್ಳೆಯದು ಅನ್ನಿಸುವ ಬಹುಪಾಲು ಸಂಗತಿಗಳು ಆ ಗೀಟುಗಳಿಂದಲೇ ಬಂದವು.

ಸುರಕ್ಷಿತ ಬ್ರೇಕ್ ಅಂದಕೂಡಲೇ ಎಲ್ಲರೂ ‘ಗಟ್ಟಿಯಾಗಿ ಹಿಡಿಯಬೇಕು’ ಅನ್ನುತ್ತಾರೆ. ಹಾಗಾಗಿ ಮೊದಲು ಅದರ ಲೆಕ್ಕವನ್ನೇ ಹಾಕಿದೆ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 100 ಕೆಜಿ ಅಂದುಕೊಳ್ಳಿ. ಇಷ್ಟೂ ಭಾರದ ನಡುಬಿಂದು ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿರುತ್ತದೆ. ಮುಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಸುಮಾರು 0.6 ಮೀಟರ್ ಹಿಂದಿರುತ್ತದೆ. 0.6 ಅನ್ನು 1.1ರಿಂದ ಭಾಗಿಸಿದರೆ 0.55. ಗುರುತ್ವದ ಸೆಳೆತದ 0.55 ಪಾಲಿಗಿಂತ ಜೋರಾಗಿ ವೇಗ ಇಳಿಸಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಒಣಗಿದ ಟಾರ್ ರಸ್ತೆಯಲ್ಲಿ ಟೈರಿನ ಹಿಡಿತ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಅಂದರೆ ಟೈರ್ ಜಾರುವ ಮೊದಲು ಸೈಕಲ್ಲೇ ಮಗುಚುತ್ತದೆ.

100 ಕೆಜಿಯ ತೂಕ ಸುಮಾರು 980 ನ್ಯೂಟನ್. ಹೀಗಾಗಿ ಮುಂದಿನ ಬ್ರೇಕ್‌ನಿಂದ ನೆಲದ ಮಟ್ಟದಲ್ಲಿ ಬೇಕಾದ ಬಲ ಅದರ 0.55 ಪಾಲು, ಸುಮಾರು 540 ನ್ಯೂಟನ್, ಅದಕ್ಕಿಂತ ಜಾಸ್ತಿ ಬಂದರೆ ಉಪಯೋಗವಿಲ್ಲ. ಚಕ್ರದ ತ್ರಿಜ್ಯ 34 ಸೆಂಮೀ. 160 ಮಿಮೀ ಡಿಸ್ಕ್‌ನಲ್ಲಿ ಪ್ಯಾಡ್ ಒತ್ತುವುದು ನಡುವಿನಿಂದ ಸುಮಾರು 72 ಮಿಮೀ ದೂರದಲ್ಲಿ. ಹಾಗಾದರೆ ಡಿಸ್ಕನ್ನು ತಡೆಯಲು ಸುಮಾರು 2,550 ನ್ಯೂಟನ್ ಬೇಕು. ಘರ್ಷಣೆಯ ಗುಣಾಂಕ 0.4 ಅಂತ ಹಿಡಿದರೆ ಪ್ಯಾಡ್‌ಗಳು ಎರಡೂ ಕಡೆಯಿಂದ ತಲಾ 3,200 ನ್ಯೂಟನ್‌ನಷ್ಟು ಅಮುಕಬೇಕು. ಬೆರಳುಗಳು ಲಿವರ್ ಮೇಲೆ 100 ನ್ಯೂಟನ್ ಹಾಕಿದರೆ ಅದನ್ನು 32 ಪಟ್ಟು ಮಾಡಬೇಕು. ಇದೇನು ದೊಡ್ಡ ಸಾಹಸವಲ್ಲ. ಸಾಧಾರಣ ಬ್ರೇಕ್‌ಗಳೂ ಮಾಡುತ್ತವೆ.

ಆ ಹಾಳೆ ನೋಡಿದ ಮೇಲೆ ನಮ್ಮ ದಾರಿ ಬದಲಾಯಿತು. ಹಿಡಿತ ಸಾಲದು ಅನ್ನುವುದು ಸಮಸ್ಯೆಯೇ ಆಗಿರಲಿಲ್ಲ. ಬ್ರೇಕ್ ಯಾವ್ಯಾವ ರೀತಿ ಕೈಕೊಡುತ್ತದೆ? ಕೈಕೊಡುವ ಮೊದಲು ಸವಾರನಿಗೆ ಸುಳಿವು ಸಿಗುತ್ತದಾ? ಮುಂದಿನ ತೀರ್ಮಾನಗಳನ್ನೆಲ್ಲ ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೇ ಮಾಡಿದೆವು.

ಮೊದಲ ಜಗಳ, ಲಿವರಿನ ಬಲವನ್ನು ಪ್ಯಾಡ್‌ವರೆಗೆ ಒಯ್ಯುವುದು ಕೇಬಲ್ಲೋ ಪೈಪಿನೊಳಗಿನ ಆಯಿಲ್ಲೋ ಅಂತ. ಕೇಬಲ್ ಬ್ರೇಕ್ ಅಗ್ಗ, ಯಾರು ಬೇಕಾದರೂ ರಿಪೇರಿ ಮಾಡಬಹುದು. ಮೆಕ್ಯಾನಿಕ್ ಅದರ ಕಡೆ. ಆದರೆ ಆ 32 ಪಟ್ಟು ಬಲ ಸುಮ್ನೆ ಸಿಗುವುದಿಲ್ಲ. ಬಲ ಎಷ್ಟು ಪಟ್ಟು ಹೆಚ್ಚುತ್ತದೋ ಅಷ್ಟು ಪಟ್ಟು ಜಾಸ್ತಿ ದೂರ ಲಿವರ್ ಎಳೆಯಬೇಕು. ಡಿಸ್ಕ್‌ನ ಎರಡೂ ಕಡೆಯ ಸಂದು ಸೇರಿ ಅರ್ಧ ಮಿಮೀ ಇದ್ದರೆ, ಅದನ್ನು ಮುಚ್ಚುವುದಕ್ಕೇ ಲಿವರ್ 16 ಮಿಮೀ ಹೋಗಿಬಿಡುತ್ತದೆ. ಎರಡು ಪ್ಯಾಡ್‌ಗಳ ಸವೆತ ಸೇರಿ 1 ಮಿಮೀ ಆಯಿತು ಅಂದರೆ ಇನ್ನೂ 32 ಮಿಮೀ. ಜೊತೆಗೆ ಕೇಬಲ್ ಹಿಗ್ಗುತ್ತದೆ, ಅದರ ಹೊರಕವಚ ಅಮುಕಿಕೊಳ್ಳುತ್ತದೆ. ಮಳೆಯಲ್ಲಿ, ಮರಳು ಕೆಸರಿನಲ್ಲಿ ಮೆದು ಪ್ಯಾಡ್ ಬೇಗ ಸವೆಯುತ್ತದೆ. ಬೆಳಿಗ್ಗೆ ಸರಿಯಿದ್ದ ಲಿವರ್ ಸಂಜೆ ಹ್ಯಾಂಡಲ್‌ಗೆ ತಾಗುತ್ತದೆ. ಸವಾರ ಎಷ್ಟೇ ಜೋರಾಗಿ ಹಿಚುಕಿದರೂ ಅವನು ಹಿಚುಕುತ್ತಿರುವುದು ಹ್ಯಾಂಡಲನ್ನು, ಬ್ರೇಕನ್ನಲ್ಲ.

ಆಯಿಲ್ ಬ್ರೇಕ್ ಈ ತಾಪತ್ರಯವನ್ನು ಒಂದು ಪುಟ್ಟ ರಬ್ಬರ್ ಉಂಗುರದಿಂದ ಪರಿಹರಿಸುತ್ತದೆ. ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತ ಇರುವ ಈ ಸೀಲ್‌ನ ಅಡ್ಡಕೊಯ್ತ ಚೌಕಾಕಾರ. ಪಿಸ್ಟನ್ ಮುಂದೆ ಹೋದಾಗ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಲಿವರ್ ಬಿಟ್ಟಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಪ್ಯಾಡ್ ಸವೆದಿದ್ದರೆ ಪಿಸ್ಟನ್ ಸೀಲ್ ಮೇಲೆ ಒಂಚೂರು ಜಾರಿ ಮುಂದೆ ಕೂರುತ್ತದೆ, ಆ ಜಾಗ ತುಂಬಲು ಲಿವರ್ ಬಳಿಯ ಪುಟ್ಟ ಟ್ಯಾಂಕಿನಿಂದ ಆಯಿಲ್ ಬರುತ್ತದೆ. ಸಂದು ಯಾವಾಗಲೂ ಅಷ್ಟೇ, ಲಿವರ್ ಓಡುವ ದೂರವೂ ಅಷ್ಟೇ. ನಾವು ಆಯಿಲ್‌ಗೆ ಒಪ್ಪಿಕೊಂಡೆವು.

ಒಪ್ಪಿಕೊಂಡ ಮೇಲೆ ಮೆಕ್ಯಾನಿಕ್ ಒಂದು ಮಾತು ಹೇಳಿದರು. ‘ಸರ್, ಕೇಬಲ್ ಬ್ರೇಕ್ ಸವೆದರೆ ಲಿವರ್ ಸಡಿಲ ಆಗುತ್ತೆ, ಗಿರಾಕಿ ನನ್ನ ಹತ್ರ ಬರ್ತಾನೆ. ಇದು ಸವೆದರೆ ಅವನಿಗೆ ಗೊತ್ತೇ ಆಗಲ್ಲ.’ ನಿಜ. ಆಯಿಲ್ ಬ್ರೇಕ್ ತನ್ನ ಸವೆತವನ್ನು ಬಚ್ಚಿಡುತ್ತದೆ. ಪ್ಯಾಡ್ ಪೂರ್ತಿ ಮುಗಿಯುವವರೆಗೂ ಕೈಗೆ ಒಂದೇ ತರಹ ಅನ್ನಿಸುತ್ತದೆ. ಆಮೇಲೆ ಪ್ಯಾಡಿನ ಹಿಂದಿರುವ ಕಬ್ಬಿಣದ ತಟ್ಟೆ ಡಿಸ್ಕನ್ನು ಕೆರೆಯುತ್ತದೆ. ಅದೂ ಸವೆದು, ಡಿಸ್ಕೂ ತೆಳುವಾದರೆ ಪಿಸ್ಟನ್ ಮಿತಿ ಮೀರಿ ಹೊರಗೆ ಬಂದು ಆಯಿಲ್ ಎಲ್ಲ ಚೆಲ್ಲಿಹೋಗುತ್ತದೆ. ಆ ಕ್ಷಣದಿಂದ ಬ್ರೇಕೇ ಇಲ್ಲ.

ಇದಕ್ಕೆ ನಾವು ಎರಡು ಏರ್ಪಾಡು ಮಾಡಿದೆವು. ಪ್ಯಾಡಿನ ತಟ್ಟೆಗೆ ತೆಳ್ಳನೆಯ ಒಂದು ಸ್ಪ್ರಿಂಗ್ ನಾಲಿಗೆ ಸೇರಿಸಿದೆವು. ಪ್ಯಾಡಿನಲ್ಲಿ ಅರ್ಧ ಮಿಮೀ ಉಳಿದಾಗ ಅದು ಡಿಸ್ಕ್‌ಗೆ ತಾಗಿ ಕಿರುಚಲು ಶುರುಮಾಡುತ್ತದೆ. ಕಾರುಗಳಲ್ಲಿ ಇದು ಹಳೆಯ ಉಪಾಯ. ಎರಡನೆಯದು, ಪಿಸ್ಟನ್‌ಗೆ ಒಂದು ಮೆಟ್ಟಿಲು. ಅದು ಎಷ್ಟೇ ಮುಂದೆ ಬಂದರೂ ಸೀಲ್ ದಾಟುವ ಮೊದಲು ಆ ಮೆಟ್ಟಿಲು ಅಡ್ಡ ನಿಲ್ಲುತ್ತದೆ. ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಆದರೆ ಆಯಿಲ್ ಹೊರಗೆ ಬರುವುದಿಲ್ಲ. ಚಕ್ರ ಬಿಚ್ಚಿಟ್ಟಾಗ ಯಾರೋ ಲಿವರ್ ಹಿಚುಕಿ ಪಿಸ್ಟನ್ ಹೊರಗೆ ಹಾಕುವುದೂ ಇದರಿಂದ ತಪ್ಪಿತು.

ಈಗ ಚಕ್ರದ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಸೈಕಲ್ ಮುಂದೆ ಹೋಗುವಾಗ ಚಕ್ರದ ಹಿಂಭಾಗ ಮೇಲಕ್ಕೇರುತ್ತಿರುತ್ತದೆ, ಅಲ್ವಾ? ಪ್ಯಾಡ್, ಪಿಸ್ಟನ್‌ಗಳನ್ನು ಹೊತ್ತ ಕ್ಯಾಲಿಪರ್ ಇರುವುದು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆಯ, ಎಡಗಾಲಿನ ಹಿಂದೆ. ಬ್ರೇಕ್ ಹಿಡಿದಾಗ ಅಲ್ಲಿ ಮೇಲೇರುತ್ತಿರುವ ಡಿಸ್ಕನ್ನು ಪ್ಯಾಡ್ ಕೆಳಕ್ಕೆ ತಳ್ಳುತ್ತದೆ. ಎಷ್ಟು? ಮೇಲಿನ ಲೆಕ್ಕದ ಪ್ರಕಾರ 2,550 ನ್ಯೂಟನ್. ಪೂರ್ತಿ ಭಾರ ಮುಂದಿನ ಚಕ್ರದ ಮೇಲೆ ಬಂದಿದ್ದರೂ ನೆಲ ಆ ಚಕ್ರವನ್ನು ಮೇಲಕ್ಕೆ ಒತ್ತುವುದು ಸುಮಾರು 980 ನ್ಯೂಟನ್ ಮಾತ್ರ. ಉಳಿದ 1,570 ನ್ಯೂಟನ್ ಚಕ್ರದ ನಡುವಿನ ಆಕ್ಸಲನ್ನು ಫೋರ್ಕಿನಿಂದ ಕೆಳಕ್ಕೆ ಜಗ್ಗುತ್ತದೆ. 160 ಕೆಜಿ ತೂಕದಷ್ಟು. ಹಳೆಯ ಮಾದರಿಯ ಫೋರ್ಕಿನಲ್ಲಿ ಆಕ್ಸಲ್ ಕೂರುವ ಗಾಳದ ಬಾಯಿ ತೆರೆದಿರುವುದೂ ಕೆಳಕ್ಕೇ. ಅದನ್ನು ಮುಖ್ಯವಾಗಿ ಹಿಡಿದಿಟ್ಟಿರುವುದು ಕ್ವಿಕ್ ರಿಲೀಸ್ ಲಿವರಿನ, ಅಂದರೆ ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲು ಆಕ್ಸಲ್‌ಗೆ ಹಾಕಿರುವ ಹಿಡಿಯ, ಬಿಗಿತ.

2003ರಲ್ಲಿ ಜೇಮ್ಸ್ ಅನ್ನನ್ ಎಂಬ ವಿಜ್ಞಾನಿ ಈ ಲೆಕ್ಕವನ್ನು ಎಲ್ಲರ ಮುಂದಿಟ್ಟರು. ಬ್ರೇಕ್ ಹಿಡಿದಾಗ ಆಕ್ಸಲ್ ಕೆಳಕ್ಕೆ, ಹಳ್ಳ ಬಂದಾಗ ಮೇಲಕ್ಕೆ. ಹೀಗೆ ಮೇಲೆ ಕೆಳಗೆ ಆಡುತ್ತ ಆಡುತ್ತ ನಟ್ ತಾನಾಗೇ ಸಡಿಲವಾಗಬಹುದು ಅನ್ನುವುದು ಅವರ ವಾದದ ಇನ್ನೊಂದು ಭಾಗ. ರಿಮ್ ಬ್ರೇಕ್‌ನಲ್ಲಿ ಈ ಕಷ್ಟವಿಲ್ಲ. ಅಲ್ಲಿ ಹಿಡಿಯುವುದು ಚಕ್ರದ ಅಂಚಿನಲ್ಲಿ, ಹಾಗಾಗಿ ಬಲ ಕಡಿಮೆ ಸಾಕು. ಡಿಸ್ಕ್ ಚಿಕ್ಕದಾದಷ್ಟೂ ಈ ಜಗ್ಗಾಟ ಹೆಚ್ಚು.

ಪರಿಹಾರಗಳು ಕಷ್ಟದವೇನಲ್ಲ. ಕ್ಯಾಲಿಪರನ್ನು ಫೋರ್ಕಿನ ಮುಂದಕ್ಕೆ ತಂದರೆ ಡಿಸ್ಕ್ ಅಲ್ಲಿ ಕೆಳಗಿಳಿಯುತ್ತಿರುತ್ತದೆ, ಪ್ಯಾಡ್ ಅದನ್ನು ಮೇಲಕ್ಕೆ ಒತ್ತುತ್ತದೆ, ಆಕ್ಸಲ್ ಗಾಳದೊಳಕ್ಕೇ ಕೂರುತ್ತದೆ. ನನಗೆ ಇದು ತುಂಬಾ ಇಷ್ಟವಾದ ವಿನ್ಯಾಸ. ಒಂದು ಫೋರ್ಕಿನ ಡ್ರಾಯಿಂಗನ್ನೂ ಮಾಡಿದ್ದೆ. ಆದರೆ ಸಿಗುವ ಫೋರ್ಕುಗಳಲ್ಲಿ ಕ್ಯಾಲಿಪರ್ ಕೂರಿಸುವ ಜಾಗ ಹಿಂದೆಯೇ ಇರುತ್ತದೆ, ನಮ್ಮ ಒಂದು ಬ್ರೇಕಿಗಾಗಿ ಯಾರೂ ಅಚ್ಚು ಬದಲಿಸುವುದಿಲ್ಲ. ಇನ್ನೊಂದು ದಾರಿ ಥ್ರೂ ಆಕ್ಸಲ್. ಇಲ್ಲಿ ತೆರೆದ ಬಾಯಿಯೇ ಇಲ್ಲ. ಎರಡೂ ಕಡೆ ಮುಚ್ಚಿದ ತೂತು, ಅದರ ಮೂಲಕ 12 ಅಥವಾ 15 ಮಿಮೀ ದಪ್ಪದ ಆಕ್ಸಲ್ ತೂರಿ ಇನ್ನೊಂದು ಕಡೆ ತಿರುಪಿನಲ್ಲಿ ಕೂರುತ್ತದೆ. ಸಡಿಲವಾದರೂ ಪೂರ್ತಿ ಎಳೆದು ತೆಗೆಯದ ಹೊರತು ಚಕ್ರ ಬೀಳುವುದಿಲ್ಲ. ಚಕ್ರ ಗಡಗಡ ಅನ್ನುತ್ತದೆ, ಸವಾರ ನಿಂತು ನೋಡುತ್ತಾನೆ. ನಮಗೆ ಬೇಕಾದದ್ದು ಇಂಥ ಸುಳಿವೇ.

ಖರ್ಚು ಜಾಸ್ತಿ, ಚಕ್ರದ ನಡುಭಾಗವಾದ ಹಬ್ ಬೇರೆಯದೇ ಬೇಕು ಅಂತ ಸಹೋದ್ಯೋಗಿ ವಾದಿಸಿದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಚರ್ಚೆ ಮುಗಿಸಿದ್ದು ಇನ್ನೊಂದು ಸಂಗತಿ. 2015ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸೈಕಲ್‌ಗಳನ್ನು ವಾಪಸ್ ಕರೆಸಬೇಕಾಯಿತು. ಕಾರಣ, ಮುಂದಿನ ಕ್ವಿಕ್ ರಿಲೀಸ್ ಲಿವರ್ ತೆರೆದುಕೊಂಡರೆ 180 ಡಿಗ್ರಿಗಿಂತ ಆಚೆ ತಿರುಗಿ ಡಿಸ್ಕ್‌ಗೆ ಸಿಕ್ಕಿಕೊಳ್ಳುತ್ತಿತ್ತು. ಚಕ್ರ ಗಕ್ಕನೆ ನಿಲ್ಲಬಹುದು ಅಥವಾ ಕಳಚಬಹುದು. ಲಿವರಿಗೂ ಡಿಸ್ಕ್‌ಗೂ ನಡುವೆ 6 ಮಿಮೀ ಸಂದು ಇದೆಯಾ ಅಂತ ಪೆನ್ಸಿಲ್ ತೂರಿಸಿ ನೋಡಲು ಜನರಿಗೆ ಹೇಳಿದ್ದರು. ನನ್ನ ಮಟ್ಟಿಗೆ ಡಿಸ್ಕ್ ಬ್ರೇಕ್ ಮತ್ತು ಕ್ವಿಕ್ ರಿಲೀಸ್ ಮುಂದಿನ ಚಕ್ರದಲ್ಲಿ ಒಟ್ಟಿಗೆ ಇರಲೇಬಾರದು. ಥ್ರೂ ಆಕ್ಸಲ್ ಇಲ್ಲದ ಫೋರ್ಕಿಗೆ ನಮ್ಮ ಬ್ರೇಕ್ ಕೊಡುವುದಿಲ್ಲ ಅಂತ ಬರೆದುಕೊಂಡೆವು.

ಬಿಸಿಯ ಲೆಕ್ಕ ನಮ್ಮನ್ನು ಇನ್ನೂ ಜಾಸ್ತಿ ಹೆದರಿಸಿತು. 100 ಕೆಜಿ ಭಾರ 100 ಮೀಟರ್ ಎತ್ತರದಿಂದ ಇಳಿದರೆ ಹೊರಬೀಳುವ ಶಕ್ತಿ 98,000 ಜೌಲ್. 160 ಮಿಮೀ ಡಿಸ್ಕ್ ಒಂದರ ತೂಕ ಸುಮಾರು 120 ಗ್ರಾಂ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 60 ಜೌಲ್ ಸಾಕು. ಭಾಗಿಸಿ ನೋಡಿ, 1,600 ಡಿಗ್ರಿ! ಉಕ್ಕೇ ಕರಗಬೇಕು. ಕರಗದೆ ಇರುವುದು ಗಾಳಿಯ ದಯೆಯಿಂದ, ಮತ್ತು ಹಿಂದಿನ ಬ್ರೇಕ್ ಒಂದಷ್ಟು ಹಂಚಿಕೊಳ್ಳುವುದರಿಂದ.

ಇದರಲ್ಲೊಂದು ವಿಚಿತ್ರವಿದೆ. 10 ಶೇಕಡಾ ಇಳಿಜಾರಿನಲ್ಲಿ ಗಂಟೆಗೆ 36 ಕಿಮೀ ವೇಗದಲ್ಲಿ ಇಳಿದರೆ ಸುಮಾರು 980 ವ್ಯಾಟ್ ಶಕ್ತಿ ಹೊರಬರುತ್ತದೆ. ಅದರಲ್ಲಿ 300 ವ್ಯಾಟ್‌ನಷ್ಟನ್ನು ಎದುರುಗಾಳಿಯೇ ನುಂಗುತ್ತದೆ. ಹೆದರಿಕೊಂಡು 18 ಕಿಮೀ ವೇಗದಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಹೊರಬರುವುದು 490 ವ್ಯಾಟ್, ಆದರೆ ಗಾಳಿ ನುಂಗುವುದು 40ಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಡಿಸ್ಕ್‌ಗೆ, ಅದೂ ಎರಡು ಪಟ್ಟು ಹೊತ್ತು. ಡಿಸ್ಕನ್ನು ತಂಪು ಮಾಡುವ ಗಾಳಿಯೂ ಕಡಿಮೆ. ಹಾಗಾಗಿ ನಮ್ಮ ಟೆಸ್ಟ್ ಬೆಂಚಿನಲ್ಲಿ ಧೈರ್ಯಸ್ಥನ ಬದಲು ಹೆದರುವ ಸವಾರನನ್ನೇ ಮಾದರಿಯಾಗಿ ಇಟ್ಟುಕೊಂಡೆವು. ಮೋಟಾರ್ ಚಕ್ರ ತಿರುಗಿಸುತ್ತದೆ, ಒಂದು ಫ್ಯಾನ್ ಮೆಲ್ಲಗೆ ಗಾಳಿ ಊದುತ್ತದೆ, ಬ್ರೇಕ್ ಬಿಡುವುದೇ ಇಲ್ಲ. ಕ್ಯಾಲಿಪರಿಗೂ ಆಯಿಲಿಗೂ ತಾಪ ಅಳೆಯುವ ವೈರ್‌ಗಳನ್ನು ಅಂಟಿಸಿ ಸಹೋದ್ಯೋಗಿ ಪರದೆ ಮುಂದೆ ಕೂರುತ್ತಿದ್ದಳು.

ಡಿಸ್ಕ್ ಬಿಸಿಯಾಗುವುದಕ್ಕಿಂತ ಆಯಿಲ್ ಬಿಸಿಯಾಗುವುದು ಅಪಾಯ. ಕುದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಅಮುಕಿಕೊಳ್ಳುತ್ತದೆ, ಲಿವರ್ ಸುಮ್ನೆ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದು ಗಾಳಿಯ ತೇವ ಹೀರುತ್ತದೆ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ, ಆದರೆ ಒಳಗೆ ಸೇರಿದ ನೀರು ತಳದಲ್ಲಿ, ಅಂದರೆ ಬಿಸಿ ಕ್ಯಾಲಿಪರಿನಲ್ಲೇ, ನಿಲ್ಲುತ್ತದೆ. ನೀರು 100ಕ್ಕೆ ಕುದಿಯುತ್ತದೆ. ಎರಡರಲ್ಲೂ ಕೊರತೆಯಿದೆ. ನಾವು ಮಿನರಲ್ ಆಯಿಲ್ ಆರಿಸಿದ್ದು ಅದು ಪೇಂಟ್ ತಿನ್ನುವುದಿಲ್ಲ, ವರ್ಷಗಟ್ಟಲೆ ಬದಲಿಸದೆ ಬಿಟ್ಟರೂ ಹೆಚ್ಚು ಕೆಡುವುದಿಲ್ಲ ಎಂಬ ಕಾರಣಕ್ಕೆ. ಒಂದರ ಸೀಲ್ ಇನ್ನೊಂದಕ್ಕೆ ಆಗುವುದಿಲ್ಲ, ಊದಿಕೊಳ್ಳುತ್ತದೆ. ಅದಕ್ಕೇ ಆಯಿಲ್‌ನ ಹೆಸರನ್ನು ಸ್ಟಿಕ್ಕರ್ ಹಚ್ಚುವ ಬದಲು ಮುಚ್ಚಳದ ಲೋಹದಲ್ಲೇ ಕೊರೆಸಿದೆವು.

ಪ್ಯಾಡ್ ಆರಿಸುವಾಗಲೂ ಇದೇ ಎಳೆದಾಟ. ಲೋಹದ ಪುಡಿಯಿಂದ ಮಾಡಿದ ಪ್ಯಾಡ್ ನೀರಲ್ಲೂ ಬಿಸಿಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ನಿಧಾನ ಸವೆಯುತ್ತದೆ, ಆದರೆ ಬಿಸಿಯನ್ನು ಹಿಂದಕ್ಕೆ ಪಿಸ್ಟನ್‌ಗೆ ದಾಟಿಸುತ್ತದೆ. ರೆಸಿನ್ ಪ್ಯಾಡ್ ಬಿಸಿ ದಾಟಿಸುವುದು ಕಡಿಮೆ, ಬೇಗ ಸವೆಯುತ್ತದೆ, ತೀರಾ ಬಿಸಿಯಾದರೆ ಅದರ ಮುಖ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಲೋಹದ ಪ್ಯಾಡ್ ಇಟ್ಟು, ಬಿಸಿ ದಾಟಿಸದ ಪಿಸ್ಟನ್ ಹಾಕಿದೆವು. ಡಿಸ್ಕ್ 160ರಿಂದ 180 ಮಿಮೀಗೆ ಏರಿತು, ದಪ್ಪ 1.8ರಿಂದ 2 ಮಿಮೀ ಆಯಿತು. ದೊಡ್ಡ ಡಿಸ್ಕ್ ಅಂದರೆ ಹಿಡಿತವೂ ಜಾಸ್ತಿ. ನಮಗೆ ಅದು ಬೇಕಿರಲಿಲ್ಲವಲ್ಲ, ಹಾಗಾಗಿ ಲಿವರಿನ ಅನುಪಾತವನ್ನು ಅಷ್ಟು ಇಳಿಸಿದೆವು. ಅದರಿಂದ ಪ್ಯಾಡ್‌ಗೂ ಡಿಸ್ಕ್‌ಗೂ ನಡುವೆ ತುಸು ಹೆಚ್ಚು ಸಂದು ಬಿಡಲು ಸಾಧ್ಯವಾಯಿತು. ಆಕ್ಸಲ್ ಮೇಲಿನ ಜಗ್ಗಾಟವೂ ಕಡಿಮೆಯಾಯಿತು.

ಬಿಸಿಯಾದ ಡಿಸ್ಕ್ ಹಿಗ್ಗುತ್ತದೆ. 300 ಡಿಗ್ರಿ ಏರಿದರೆ 160 ಮಿಮೀ ಉಕ್ಕಿನ ಉಂಗುರ ಸುಮಾರು ಅರ್ಧ ಮಿಮೀ ದೊಡ್ಡದಾಗುತ್ತದೆ, ಹಬ್ ಕಡೆಯ ಭಾಗ ತಣ್ಣಗೇ ಇರುತ್ತದೆ. ಹೋಲಿಕೆಗೆಂದು ನೇರ ಕಡ್ಡಿಗಳಿರುವ ಡಿಸ್ಕೊಂದನ್ನು ಬೆಂಚಿಗೆ ಹಾಕಿ ನೋಡಿದೆವು. ಉಂಗುರ ಹಿಗ್ಗಲು ಕಡ್ಡಿಗಳು ಬಿಡದೆ ಅದು ತಟ್ಟೆಯಂತೆ ಬಾಗಿ ಪ್ಯಾಡಿಗೆ ತಾಗುತ್ತಿತ್ತು. ಕಡ್ಡಿಗಳು ಓರೆಯಾಗಿದ್ದರೆ ಉಂಗುರ ಒಂಚೂರು ತಿರುಗಿ ಹಿಗ್ಗಿಕೊಳ್ಳುತ್ತದೆ. ಓರೆ ಕಡ್ಡಿಯ ಡಿಸ್ಕ್ ನೋಡಲೂ ಚೆಂದವಿತ್ತು. ಡ್ರಾಯಿಂಗ್ ಮುಗಿಯಿತು ಅಂದುಕೊಂಡೆ.

ಮೆಕ್ಯಾನಿಕ್ ಅದನ್ನು ಕೈಗೆತ್ತಿಕೊಂಡು ಕಡ್ಡಿಗಳ ನಡುವೆ ತಮ್ಮ ಹೆಬ್ಬೆರಳನ್ನೇ ತೂರಿಸಿದರು. ‘ಸರ್, ಸೈಕಲ್ ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸೋದು ಮಕ್ಕಳಿಗೆ ಆಟ. ಬೆರಳು ಇಲ್ಲಿ ಹೋಯ್ತು ಅಂದ್ಕೊಳ್ಳಿ. ಮುಂದೆ ಕ್ಯಾಲಿಪರ್ ಇದೆ.’ ಯಾರೂ ಮಾತಾಡಲಿಲ್ಲ. ಡಿಸ್ಕ್ ಬ್ರೇಕಿನಿಂದ ಬೆರಳು ಕಳೆದುಕೊಂಡ ಮಕ್ಕಳೂ ಇದ್ದಾರೆ, ದೊಡ್ಡವರೂ ಇದ್ದಾರೆ. ಬ್ರೇಕ್ ನಿಲ್ಲಿಸುತ್ತದಾ ಅನ್ನುವ ಪ್ರಶ್ನೆಗೂ ಇದಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ಡ್ರಾಯಿಂಗ್ ಮಾಡುವವರ ತಲೆಗೆ ಇದು ಬರುವುದು ಕಡಿಮೆ.

ಡಿಸ್ಕ್ ಪೂರ್ತಿ ಬದಲಾಯಿತು. ಹೊರಗೆ ಉಕ್ಕಿನ ಉಂಗುರ, ಒಳಗೆ ಅಲ್ಯೂಮಿನಿಯಂ ತಟ್ಟೆ. ತಟ್ಟೆಯಲ್ಲಿ ದೊಡ್ಡ ಕಿಂಡಿಗಳಿಲ್ಲ, ಮಗುವಿನ ಕಿರುಬೆರಳೂ ಹೋಗದಷ್ಟು ಕಿರಿದಾದ ಸೀಳುಗಳಿವೆ. ಉಂಗುರದ ತೂತುಗಳನ್ನೂ ಚಿಕ್ಕದು ಮಾಡಿದೆವು, ಆದರೆ ಮುಚ್ಚಲಿಲ್ಲ. ಮಳೆಯಲ್ಲಿ ಪ್ಯಾಡಿನ ಮುಖದಿಂದ ನೀರನ್ನೂ ಕೊಳೆಯನ್ನೂ ಕೆರೆದು ತೆಗೆಯುವುದು ಅವೇ. ಎರಡು ತುಂಡುಗಳನ್ನು ಸೇರಿಸುವ ರಿವೆಟ್‌ಗಳಲ್ಲಿ ಹೊರಮುಖವಾಗಿ ಸ್ವಲ್ಪ ಸಡಿಲ ಬಿಟ್ಟೆವು, ಉಂಗುರ ಹಿಗ್ಗಲು ಜಾಗವಾಯಿತು. ತೂಕ ಏರಿತು. ಏರಲಿ.

ಅಂಚಿನ ವಿಷಯ ಸೈಕಲ್ ರೇಸಿನ ಲೋಕದಲ್ಲಿ ದೊಡ್ಡ ಗಲಾಟೆಯನ್ನೇ ಮಾಡಿತ್ತು. 2016ರ ಪ್ಯಾರಿಸ್-ರೂಬೆ ರೇಸಿನಲ್ಲಿ ಒಬ್ಬ ಸವಾರನ ಕಾಲು ಸೀಳಿತು, ಡಿಸ್ಕೇ ಕೊಯ್ದದ್ದು ಅಂತ ಅವರು ಹೇಳಿದರು. ಅಲ್ಲ ಅಂದವರೂ ಇದ್ದರು. ಅಂತೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ರೇಸುಗಳಲ್ಲಿ ನಡೆಯುತ್ತಿದ್ದ ಡಿಸ್ಕ್ ಬ್ರೇಕ್ ಪ್ರಯೋಗವನ್ನು ತಡೆಹಿಡಿಯಿತು. ಅಂಚನ್ನು ದುಂಡಗೆ ಮಾಡಬೇಕು ಅನ್ನುವ ಷರತ್ತಿನೊಂದಿಗೆ ಪ್ರಯೋಗ ಮತ್ತೆ ಶುರುವಾಗಿ, 2018ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಕಾಲು ಕೊಯ್ದದ್ದು ಯಾವುದೇ ಇರಲಿ, ಲೇಸರಿನಲ್ಲಿ ಕತ್ತರಿಸಿದ ಉಕ್ಕಿನ ಅಂಚು ಎಷ್ಟು ಚೂಪಾಗಿರುತ್ತದೆ ಅಂತ ನಮ್ಮ ಕೈಗೆ ಗೊತ್ತು. ನಾವು ಹೊರಂಚಿನ ಜೊತೆ ಪ್ರತಿ ತೂತಿನ ಅಂಚನ್ನೂ ದುಂಡಗೆ ಮಾಡಿಸಿದೆವು.

ಜೋಡಿಸುವಾಗಿನ ತಪ್ಪುಗಳನ್ನು ಬೇಗ ಮುಗಿಸಿದೆವು. ಪ್ಯಾಡಿನ ತಟ್ಟೆಗೆ ಒಂದು ಮೂಲೆ ಓರೆಯಾಗಿ ಕೊಟ್ಟೆವು, ತಿರುಗುಮುರುಗಾಗಿ ಹಾಕಿದರೆ ಕೂರುವುದೇ ಇಲ್ಲ. ಪ್ಯಾಡ್ ಹಿಡಿಯುವ ಪಿನ್ನಿಗೆ ತಿರುಪಿನ ಜೊತೆ ಒಂದು ಕ್ಲಿಪ್. ಆಯಿಲ್ ಟ್ಯಾಂಕಿನೊಳಗೆ ರಬ್ಬರ್ ಪೊರೆ ಇಟ್ಟು ಗಾಳಿಗೆ ಜಾಗವೇ ಇಲ್ಲದಂತೆ ಮಾಡಿದೆವು. ಪಂಕ್ಚರ್ ಹಾಕಲು ಸೈಕಲ್ ತಲೆಕೆಳಗೆ ಮಾಡಿದರೆ ಗಾಳಿ ಪೈಪಿನೊಳಗೆ ಸೇರಿ, ಲಿವರ್ ಮೆತ್ತಗಾಗುವುದು ಇದರಿಂದ ತಪ್ಪುತ್ತದೆ. ಮುಂದಿನ ಬ್ರೇಕ್ ಎಡಗೈಗೋ ಬಲಗೈಗೋ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಅದಕ್ಕೆ ಲಿವರನ್ನು ಎರಡೂ ಕಡೆ ಹಾಕುವಂತೆ ಮಾಡಿದೆವು.

ಆಮೇಲೆ ರಸ್ತೆಗಿಳಿಸಿದೆವು. ಬೆಂಚು ಹೇಳದ ಒಂದು ಸಂಗತಿ ರಸ್ತೆ ಮೊದಲ ದಿನವೇ ಹೇಳಿತು. ಸಡಿಲ ಬಿಟ್ಟ ರಿವೆಟ್‌ಗಳಿಂದಾಗಿ ಹಳ್ಳ ಬಂದಾಗಲೆಲ್ಲ ಡಿಸ್ಕ್ ಕಟಕಟ ಅನ್ನುತ್ತಿತ್ತು. ಇದು ಬರೀ ಕಿರಿಕಿರಿಯ ವಿಷಯವಲ್ಲ. ನಾವು ಸುಳಿವು ಕೊಡುವ ಶಬ್ದಗಳನ್ನು ಬೇಕಂತಲೇ ಇಟ್ಟಿದ್ದೇವೆ, ಆಕ್ಸಲ್ ಸಡಿಲವಾದರೆ ಗಡಗಡ, ಪ್ಯಾಡ್ ಮುಗಿದರೆ ಕಿರುಚು. ಸುಮ್ನೆ ಯಾವಾಗಲೂ ಸದ್ದು ಮಾಡುವ ಬ್ರೇಕಿನಲ್ಲಿ ಆ ಸುಳಿವನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಪ್ರತಿ ರಿವೆಟ್ ಕೆಳಗೆ ಅಲೆಯಾಕಾರದ ಒಂದು ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ಕಟಕಟ ನಿಂತಿತು. ಮಳೆಯಲ್ಲಿ ಲೋಹದ ಪ್ಯಾಡ್ ಮಾಡುವ ಕೀರಲು ಸದ್ದು ಮಾತ್ರ ಇನ್ನೂ ಇದೆ. ಡಿಸ್ಕ್ ಒಣಗಿದ ಕೂಡಲೇ ಅದು ನಿಲ್ಲುತ್ತದೆ, ಪ್ಯಾಡ್ ಮುಗಿದ ಕಿರುಚು ಒಣಗಿದ ಮೇಲೂ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಬ್ರೇಕ್ ಜೊತೆ ಕೊಡುವ ಹಾಳೆಯಲ್ಲಿ ಮೊದಲ ಸಾಲಾಗಿ ಬರೆದಿದ್ದೇವೆ. ಎರಡೂ ಸದ್ದುಗಳ ಸ್ಥಾಯಿಯನ್ನೇ ಬೇರೆ ಬೇರೆ ಮಾಡಲು ಸಾಧ್ಯವಾ ಅಂತ ಸಹೋದ್ಯೋಗಿ ಈಗ ಬೇರೆ ಬೇರೆ ದಪ್ಪದ ನಾಲಿಗೆಗಳನ್ನು ಹಾಕಿ ನೋಡುತ್ತಿದ್ದಾಳೆ.